ರುಚಿ ನೋಡದ ಹುಗ್ಗಿ

ಜಾರ್ಜ್‌ಟೌನ್
೧೨ ಜನವರಿ ೨೦೨೫

ಅವ್ವ,

ನೀನು ಫೋನ್ ಎತ್ತುವುದಿಲ್ಲ ಎಂದು ಹಟ ಹಿಡಿದು ಎರಡು ತಿಂಗಳ ಮೇಲಾಯಿತು. ಕಾಗದವನ್ನಂತೂ ಒಡೆಯದೆ ಇರಲಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಗದಗಿನ ಹೈಸ್ಕೂಲಿನಲ್ಲಿ ಜೀವನವಿಡೀ ಕನ್ನಡ ಕಲಿಸಿದವಳು ನೀನು. ಕೈಗೆ ಬಂದ ಬರಹವನ್ನು ಓದದೆ ಪಕ್ಕಕ್ಕಿಟ್ಟದ್ದನ್ನು ನಾನು ನೋಡಿಲ್ಲ. ಕಾಗುಣಿತ ತಪ್ಪಿದ್ದರೆ ಕೆಂಪು ಮಸಿಯಲ್ಲಿ ತಿದ್ದಿ ವಾಪಸ್ ಕಳಿಸು. ಅಷ್ಟಾದರೂ ಮಾತು ನಡೆದಂತಾಗುತ್ತದೆ.

ದೀಪಾವಳಿಯ ದಿನ ನಡೆದದ್ದಕ್ಕೆ ಆಗಲೇ ತಪ್ಪಾಯಿತು ಎಂದಿದ್ದೇನೆ, ಮತ್ತೊಮ್ಮೆ ಎನ್ನುತ್ತೇನೆ. ಹಂದಿಯ ಕೊಬ್ಬನ್ನು ತುಪ್ಪದ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟದ್ದು ನನ್ನ ಬುದ್ಧಿಗೇಡಿತನ. ಹೋಳಿಗೆಯ ಮೇಲೆ ಹಾಕಿಕೊಳ್ಳಲು ನೀನು ಒಂದು ಚಮಚ ತೆಗೆದು, ಮೂಗಿನ ಹತ್ತಿರ ಹಿಡಿದು, "ಇದಕ್ಕ ತುಪ್ಪದ ವಾಸನಿನ ಇಲ್ಲಲ್ಲ?" ಎಂದಾಗ ನನ್ನ ಜೀವ ಬಾಯಿಗೆ ಬಂದಿತ್ತು. ನಿಜ ಹೇಳಿದೆ. ನೀನು ಚಮಚ ಕೆಳಗಿಟ್ಟು, ಕಾರು ತೆಗೆಯಲು ಕಲ್ಮೇಶಣ್ಣನಿಗೆ ಹೇಳಿ, ಹಬ್ಬದ ಸೀರೆಯಲ್ಲೇ ಡಲ್ಲಾಸ್ ಪಕ್ಕದ ಅವನ ಊರಾದ ಕ್ಯಾರಲ್ಟನ್‌ಗೆ ಹೊರಟುಬಿಟ್ಟೆ.

ಆ ಕೊಬ್ಬು ಯಾಕಿತ್ತು ಎಂದು ನೀನು ಕೇಳಲೇ ಇಲ್ಲ. ಈಗ ಹೇಳುತ್ತೇನೆ. ಮೂರು ವರ್ಷಗಳಿಂದ ನನಗೊಂದು ಹುಚ್ಚು ಹತ್ತಿದೆ. ಆರುನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಏನು ಉಣ್ಣುತ್ತಿದ್ದರೋ ಅದನ್ನು ನನ್ನ ಗ್ಯಾಸ್ ಒಲೆಯ ಮೇಲೆ, ಮಿಕ್ಸರಿನಲ್ಲಿ ಮತ್ತೆ ಮಾಡಿ ನೋಡುವುದು. ಆಸ್ಟಿನ್‌ನಲ್ಲಿ ಇಂಥವರದೇ ಒಂದು ಗುಂಪಿದೆ. ಆ ಕಾಲದ ಅಡಿಗೆಯ ಬರಹಗಳಲ್ಲಿ ಅಳತೆಯೇ ಇಲ್ಲ ಗೊತ್ತೇ? "ಬಾದಾಮಿ ತೆಗೆದುಕೊ, ಅರೆ, ಸಾಕಷ್ಟು ಕುದಿಸು" ಎಂದಷ್ಟೇ ಇರುತ್ತದೆ. ಹೀಗಾಗಿ ಒಂದೊಂದು ಹಂತಕ್ಕೂ ನಾಲಗೆಯ ಮೇಲೆ ಇಟ್ಟುಕೊಂಡೇ ಮುಂದೆ ಹೋಗಬೇಕು. ಕಚೇರಿಯಲ್ಲಿ ದಿನವಿಡೀ ಕೋಡ್ ನೋಡಿ ಬಂದವಳಿಗೆ ಅದೇ ಸುಖ.

ಮಾರ್ಚ್ ಇಪ್ಪತ್ತೆರಡಕ್ಕೆ ಗುಂಪಿನ ಊಟ ನನ್ನ ಪಾಲಿಗೆ ಬಂದಿದೆ. ಈಸ್ಟರಿಗೆ ಮುಂಚಿನ ವ್ರತದ ದಿನಗಳು ಅವು. ಆ ಕಾಲದಲ್ಲಿ ಆಗ ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲು ತುಪ್ಪವೂ ಇಲ್ಲ. ಎಲ್ಲಕ್ಕೂ ಬಾದಾಮಿ ಹಾಲು. ಮೀನು ತಿನ್ನುತ್ತಿದ್ದರು, ನಾನು ಅದನ್ನೂ ಬಿಟ್ಟಿದ್ದೇನೆ. ಮಾಂಸದ ಪಾತ್ರೆಗಳನ್ನೆಲ್ಲ ಗುಂಪಿನವರಿಗೆ ಕೊಟ್ಟು ಹೊಸದು ತಂದಿದ್ದೇನೆ. ನೀನು ಬಾ. ನನ್ನ ಅಡಿಗೆಮನೆಯಲ್ಲಿ ಕೂತು ನನ್ನ ಕೈಯದನ್ನು ಒಂದು ತುತ್ತು ಉಣ್ಣು. ನನಗೆ ಬೇರೇನೂ ಬೇಡ.

ನಿನ್ನ
ಪ್ರೇರಣಾ

*

ಕ್ಯಾರಲ್ಟನ್
೨೬ ಜನವರಿ ೨೦೨೫

ಪ್ರೇರಣಾ,

ಕಾಗದ ಮುಟ್ಟಿತು. "ಬುದ್ಧಿಗೇಡಿತನ" ಎಂಬುದನ್ನು ಸರಿಯಾಗಿ ಬರೆದಿದ್ದೀಯ. ಶಬ್ದದ ಅರ್ಥವೂ ಗೊತ್ತಿದ್ದಂತಿದೆ.

ಪಾತ್ರೆ ಬದಲಿಸಿದೆ, ಒಳ್ಳೆಯದಾಯಿತು. ಒಲೆ ಅದೇ ತಾನೆ? ಗೋಡೆ ಅದೇ ತಾನೆ? ಆ ಚಮಚ ಮೂಗಿನಿಂದ ಇನ್ನೆರಡು ಬೆರಳು ಕೆಳಗೆ ಹೋಗಿದ್ದರೆ ನಾನು ಈ ವಯಸ್ಸಿನಲ್ಲಿ ಯಾವ ಮುಖ ಹೊತ್ತು ಲಿಂಗಪೂಜೆ ಮಾಡಬೇಕಿತ್ತು? ನನ್ನ ಮೂಗು ನನ್ನನ್ನು ಕಾಯಿತು, ನನ್ನ ಮಗಳು ಕಾಯಲಿಲ್ಲ. ಇದನ್ನು ಬರೆಯುವಾಗ ನನಗೆ ಸಿಟ್ಟಿಗಿಂತ ಅಳು ಹೆಚ್ಚು ಬರುತ್ತಿದೆ, ಅದು ಬೇರೆ ಮಾತು.

ಇಲ್ಲಿ ದಿನ ಕಳೆಯುವುದು ಕಷ್ಟವೇನಲ್ಲ. ಕಲ್ಮೇಶ ಮತ್ತು ಸೊಸೆ ಕೆಲಸಕ್ಕೆ ಹೋದ ಮೇಲೆ ಒಂದು ಸುತ್ತು ನಡೆಯುತ್ತೇನೆ. ಪಾರ್ಕಿನಲ್ಲಿ ಗುಜರಾತಿ ಹೆಂಗಸರು ಸಿಗುತ್ತಾರೆ. ಅವರ ಹಿಂದಿ ನನಗೆ ಅರ್ಥವಾಗುವುದಿಲ್ಲ, ನನ್ನ ಹಿಂದಿ ಅವರಿಗೆ ಅರ್ಥವಾಗುವುದಿಲ್ಲ. ಹಾಗಾಗಿ ಜಗಳವೇ ಇಲ್ಲ.

ನಿನ್ನ ಇಂಗ್ಲಿಷರ ಊಟದ ವಿಷಯ ಕಲ್ಮೇಶನನ್ನು ಕೇಳಿದೆ. ಮೆಣಸಿನಕಾಯಿಯೂ ಇಲ್ಲ, ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲವಂತೆ. ಬಾಣಂತಿಯ ಪಥ್ಯ ಇದಕ್ಕಿಂತ ರುಚಿಯಾಗಿರುತ್ತದೆ! ಮತ್ತೆ ಏನು ಉಣ್ಣುತ್ತಿದ್ದರು ಆ ಬಡಪಾಯಿಗಳು? ಸುಮ್ಮನೆ ಕೇಳಿದೆ, ಬರುತ್ತೇನೆಂದಲ್ಲ.

ಇಂತಿ ನಿನ್ನ ಅವ್ವ
ಈರವ್ವ

*

ಜಾರ್ಜ್‌ಟೌನ್
೯ ಫೆಬ್ರವರಿ ೨೦೨೫

ಅವ್ವ,

ಸುಮ್ಮನೆ ಕೇಳಿದ್ದೀಯ, ಸುಮ್ಮನೆ ಉತ್ತರ ಕೊಡುತ್ತೇನೆ.

ಬಟಾಣಿಯ ಗಟ್ಟಿ ಗಂಜಿ. ಅಣಬೆ ಮತ್ತು ಈರುಳ್ಳಿ ಜಾತಿಯ ಸೊಪ್ಪು, ಮೇಲೆ ಶುಂಠಿ ಮೆಣಸಿನ ಪುಡಿ. ಸೇಬನ್ನು ಬೇಯಿಸಿ, ಬಾದಾಮಿ ಹಾಲು ಕೇಸರಿ ಹಾಕಿ ಮಾಡಿದ ಒಂದು ಸಿಹಿ. ಮಸಾಲೆಗೆ ಹಿಪ್ಪಲಿ ಬಳಸುತ್ತಿದ್ದರು. ಕೆಮ್ಮು ಬಂದಾಗ ನೀನು ಜೇನಿನಲ್ಲಿ ತೇದು ನೆಕ್ಕಿಸುತ್ತಿದ್ದೆಯಲ್ಲ, ಅದೇ ಹಿಪ್ಪಲಿ. ನಮ್ಮ ಕಡೆಯಿಂದಲೇ ಹಡಗು ಹತ್ತಿ ಹೋಗುತ್ತಿತ್ತು.

ಇನ್ನೊಂದು ಇದೆ. ಗೋಧಿಯನ್ನು ನೀರು ಚಿಮುಕಿಸಿ ಕುಟ್ಟುವುದು, ಹೊಟ್ಟು ಹಾರಿಸುವುದು, ಕಾಳು ಒಡೆದು ಅರಳುವ ತನಕ ಬೇಯಿಸುವುದು, ಹಾಲು ಬೆರೆಸಿ ಸಿಹಿ ಮಾಡುವುದು. ಮೊದಲ ಸಲ ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಅವ್ವ, ಅದು ಗೋಧಿ ಹುಗ್ಗಿ! ಬೆಲ್ಲದ ಬದಲು ಸಕ್ಕರೆ, ಗಸಗಸೆಯ ಬದಲು ಕೇಸರಿ, ಅಷ್ಟೇ. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಅಂಟಾಯಿತು. ಕಾಳು ಕಾಳಾಗಿ ಇದ್ದೂ ಬಾಯಲ್ಲಿ ಕರಗುವ ನಿನ್ನ ಹುಗ್ಗಿಯ ಹದ ನನಗೆ ಬರುತ್ತಿಲ್ಲ.

ಮೂವತ್ತು ಜನರ ಊಟ. ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಿಂದ ನಳಿನಿ ಬರುತ್ತಾಳೆ. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಹ್ಯೂಸ್ಟನ್‌ನಲ್ಲಿ ಒಂದೇ ರೂಮಿನಲ್ಲಿದ್ದ ಮೈಸೂರಿನ ಹುಡುಗಿ, ನಿನಗೆ ನೆನಪಿರಬೇಕು. ಈಗ ಅವಳಿಗೆ ಸಿಯಾ ಎಂಬ ಏಳು ವರ್ಷದ ಮಗಳಿದ್ದಾಳೆ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಭುಜದ ಮೇಲೆ ನಿದ್ದೆ ಮಾಡಿ ಬೆಳೆದ ಮಗು.

ಒಲೆಯನ್ನೂ ಬದಲಿಸಿದ್ದೇನೆ, ಅವ್ವ. ಗೋಡೆಗೆ ಬಣ್ಣ ಹೊಡೆಸಿದ್ದೇನೆ. ಇನ್ನು ಉಳಿದದ್ದು ನಾನೊಬ್ಬಳು.

ನಿನ್ನ
ಪ್ರೇರಣಾ

*

ಕ್ಯಾರಲ್ಟನ್
೨ ಮಾರ್ಚ್ ೨೦೨೫

ಪ್ರೇರಣಾ,

ಶಿವರಾತ್ರಿಯ ಉಪವಾಸ ಮುಗಿಸಿ ಬರೆಯುತ್ತಿದ್ದೇನೆ. ಒಲೆ ಬದಲಿಸಿದ್ದನ್ನು ಓದಿ ಕಲ್ಮೇಶ ನಕ್ಕ. "ಅವ್ವ, ಇನ್ನ ಮನೀನ ಬದಲಸು ಅಂತ ಬರದೀ ಏನು?" ಎಂದ. ನನಗೆ ನಗು ಬರಲಿಲ್ಲ. ಬರುತ್ತೇನೆ.

ನಾಲ್ಕು ಸಲ ಅಂಟಾಯಿತೆಂದರೆ ನೀನು ಕುದಿಯುವ ನೀರಿಗೆ ಹಾಕದೆ ತಣ್ಣೀರಿಗೆ ಹಾಕಿರಬೇಕು. ಹುಗ್ಗಿಯನ್ನು ನಾನೇ ಮಾಡುತ್ತೇನೆ, ಬಾದಾಮಿ ಹಾಲೂ ನನ್ನದೇ. ಆದರೆ ಒಂದು ಮಾತಿದೆ, ಅದನ್ನು ನೀನು ಒಪ್ಪಿದರೆ ಮಾತ್ರ. ಎಡೆ ಹಿಡಿಯುವ ತನಕ ಆ ಅಡಿಗೆಮನೆಯಲ್ಲಿ ಯಾರೂ ಏನನ್ನೂ ಬಾಯಿಗೆ ಹಚ್ಚಬಾರದು. ಚಮಚವಿಲ್ಲ, ಬೆರಳಿಲ್ಲ, ಅಂಗೈ ಮೇಲೆ ಹಾಕಿಕೊಂಡು ನೆಕ್ಕುವುದೂ ಇಲ್ಲ. ಎಂಜಲನ್ನು ನಾನು ನನ್ನ ಲಿಂಗಕ್ಕೆ ತೋರಿಸುವವಳಲ್ಲ. ಉಪ್ಪು ಹುಳಿ ಎಲ್ಲ ವಾಸನೆಯಲ್ಲಿ ಗೊತ್ತಾಗುತ್ತದೆ. ನನ್ನ ಅವ್ವ ಹಾಗೇ ಮಾಡಿದಳು, ನಾನೂ ಹಾಗೇ. ನಿನ್ನ ನಾಲಗೆಗೆ ಒಂದು ದಿನ ರಜೆ ಕೊಡು.

ಬರಿಗೈಯಲ್ಲಿ ಬರುವುದಿಲ್ಲ. ಇಲ್ಲಿ ನಮ್ಮ ಮನೆಯ ಹತ್ತಿರ ಒಂದು ದೊಡ್ಡ ಚೀನೀ ಅಂಗಡಿಯಿದೆ. ಸಿಪ್ಪೆ ತೆಗೆದ ಬಿಳಿ ಬಾದಾಮಿ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಸಣ್ಣದಾಗಿ ಮುದ್ದಾಗಿದೆ. ನೀನು ನೆನೆಸಿ ಸಿಪ್ಪೆ ಸುಲಿಯುತ್ತಾ ಕೂರುವುದು ತಪ್ಪಲಿ ಎಂದು ತೆಗೆದಿಟ್ಟಿದ್ದೇನೆ. ನಿನ್ನದಕ್ಕೆ ಬೆರೆಸಿದರಾಯಿತು.

ಎಲ್ಲರ ಊಟವಾದ ಮೇಲೆ ನೀನು ಬಡಿಸು, ನಾನು ಉಣ್ಣುತ್ತೇನೆ.

ಇಂತಿ ನಿನ್ನ ಅವ್ವ
ಈರವ್ವ

*

ಜಾರ್ಜ್‌ಟೌನ್
೨೭ ಮಾರ್ಚ್ ೨೦೨೫

ಅವ್ವ,

ಸಿಯಾ ಬದುಕಿದ್ದಾಳೆ. ನಿನ್ನೆ ಐಸಿಯುವಿನಿಂದ ಹೊರಗೆ ತಂದರು. ಇದನ್ನು ಕಲ್ಮೇಶಣ್ಣ ನಿನಗೆ ಹೇಳಿರಬಹುದು, ಆದರೂ ಮೊದಲು ಅದನ್ನೇ ಬರೆಯುತ್ತೇನೆ.

ಮಗು ವಾಂತಿ ಮಾಡಿ ಪಡಸಾಲೆಯ ಮೂಲೆಯಲ್ಲಿ ಬಿದ್ದದ್ದು, ನಳಿನಿ ಚೀರಿದ್ದು, ಆಂಬುಲೆನ್ಸ್ ಬಂದದ್ದು, ಇಷ್ಟನ್ನು ನೀನೂ ನೋಡಿದೆ. ಹೊಟ್ಟೆಗೆ ಏನೋ ಆಗಿರಬೇಕೆಂದು ನಾವೆಲ್ಲ ಅಂದುಕೊಂಡೆವು. ನೀನು ಮರುದಿನ ಬೆಳಿಗ್ಗೆ ಅಣ್ಣನ ಜೊತೆ ಹೋದ ಮೇಲೆ ಡಾಕ್ಟರು ನನ್ನನ್ನು ಕರೆದು ಕೂರಿಸಿ, ಒಂದೊಂದು ಪದಾರ್ಥವನ್ನೂ ಕೇಳಿದರು. ನಾನು ಮನೆಗೆ ಓಡಿಬಂದು ಕಸದ ಬುಟ್ಟಿಯಿಂದ ಖಾಲಿ ಪ್ಯಾಕೆಟ್ಟನ್ನು ತೆಗೆದುಕೊಂಡು ಹೋದೆ. ಅದು ಬಾದಾಮಿಯಲ್ಲ, ಅವ್ವ. ಜರ್ದಾಳು, ಅಂದರೆ ಏಪ್ರಿಕಾಟ್ ಹಣ್ಣಿನ ಬೀಜದ ಒಳಗಿನ ತಿರುಳು, ಅದರಲ್ಲೂ ಕಹಿಯ ಜಾತಿ. ಚೀನೀಯರು ಒಂದೆರಡು ಚೂರನ್ನು ಕೆಮ್ಮಿನ ಕಷಾಯಕ್ಕೆ ಹಾಕುತ್ತಾರಂತೆ. ಹಸಿಯಾಗಿ ಅರೆದು ಕುಡಿದರೆ ಹೊಟ್ಟೆಯಲ್ಲಿ ಸೈನೈಡ್ ಆಗುತ್ತದಂತೆ.

ಹುಗ್ಗಿ ಬಹಳ ಹೊತ್ತು ಕುದಿದಿತ್ತು, ಹಾಗಾಗಿ ದೊಡ್ಡವರಿಗೆ ತಲೆನೋವು, ಹೊಟ್ಟೆ ತೊಳಸಿದ್ದು ಅಷ್ಟಕ್ಕೇ ಮುಗಿಯಿತು. ಸಿಯಾ ಕುಡಿದದ್ದು ಕುದಿಸದ ಹಾಲನ್ನು. ಕಹಿಯೇ ಗೊತ್ತಾಗದಷ್ಟು ಸಕ್ಕರೆ, ಗುಲಾಬಿ ನೀರು ಹಾಕಿ ತಣ್ಣಗಿಟ್ಟದ್ದನ್ನು ಅವಳು ಕೇಳಿ ಕೇಳಿ ಎರಡು ಲೋಟ ಕುಡಿದಳು. "ಇಟ್ ಸ್ಮೆಲ್ಸ್ ಲೈಕ್ ಬರ್ತ್‌ಡೇ ಕೇಕ್" ಎಂದಳು, ನೀನು ನಕ್ಕು ಇನ್ನಷ್ಟು ಸುರಿದೆ. ಆ ಕಹಿ ಬೀಜಕ್ಕೇ ನಿಜವಾದ ಬಾದಾಮಿಗಿಂತ ಹೆಚ್ಚು ವಾಸನೆಯಂತೆ. ಅರೆಯುವಾಗ ನೀನು ಪಾತ್ರೆಯ ಮೇಲೆ ಬಗ್ಗಿ, "ಆಹಾ, ಏನ ಘಮಾ ಅಂತೀನಿ" ಎಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಒಂದು ಹನಿ, ಅವ್ವ. ಸಕ್ಕರೆ ಹಾಕುವ ಮೊದಲು ಒಂದು ಹನಿ ನಾಲಗೆಗೆ ಮುಟ್ಟಿಸಿದ್ದರೆ ನನಗೆ ಗೊತ್ತಾಗುತ್ತಿತ್ತು. ಕಹಿ ಬಾದಾಮಿಯ ವಿಷಯ ನಾನು ಓದಿದ್ದೇನೆ. ಮೂರು ವರ್ಷ ಪ್ರತಿಯೊಂದನ್ನೂ ರುಚಿ ನೋಡಿ ಮಾಡಿದವಳು ಆ ಒಂದು ದಿನ ಬಾಯಿ ಕಟ್ಟಿಕೊಂಡು ನಿಂತೆ. ನೀನು ಬರಲಿ, ನೀನು ಉಣ್ಣಲಿ ಎಂಬ ಆಸೆಗೆ. ನೀನು ಉಣ್ಣಲೂ ಇಲ್ಲ. ನಿನಗೆ ಬಡಿಸಿದ ತಟ್ಟೆಯನ್ನು ನಾನೇ ಕಸಕ್ಕೆ ಸುರಿದೆ.

ಕೌಂಟಿಯ ಆರೋಗ್ಯ ಇಲಾಖೆಯವರು ಬಂದಿದ್ದರು. ಎಲ್ಲವನ್ನೂ ನಾನೇ ಕೊಂಡೆ, ನಾನೇ ಮಾಡಿದೆ ಎಂದು ಬರೆದುಕೊಟ್ಟಿದ್ದೇನೆ. ನಳಿನಿಗೂ ಹಾಗೇ ಹೇಳಿದ್ದೇನೆ. ಅವಳು, "ಪ್ರೇರಣಾ, ನೀನು ಇಲ್ಲಿಂದ ಹೋಗು" ಎಂದಳು. ನಿನ್ನ ಹೆಸರು ಎಲ್ಲೂ ಬಂದಿಲ್ಲ. ನೀನೂ ಯಾರಿಗೂ ಹೇಳಬೇಡ.

ಪ್ರೇರಣಾ

*

ಕ್ಯಾರಲ್ಟನ್
೨ ಏಪ್ರಿಲ್ ೨೦೨೫

ಪ್ರೇರಣಾ,

ಯುಗಾದಿಗೆ ಒಲೆ ಹಚ್ಚಲಿಲ್ಲ. ಸೊಸೆ ಹೊರಗಿನಿಂದ ಏನೋ ತರಿಸಿದಳು, ಅವರು ಉಂಡರು.

ನಿನ್ನನ್ನು ಸುಳ್ಳು ಹೇಳು ಎಂದು ಕೇಳಿಕೊಂಡವರು ಯಾರು? ಆ ಪ್ಯಾಕೆಟ್ಟನ್ನು ನಾನು ಕೈಯಾರೆ ಆರಿಸಿ ತಂದೆ. ಮೇಲೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷೂ ಇತ್ತು, ನಾನು ಓದಲಿಲ್ಲ, ಬಿಳಿಯ ಬೀಜ ನೋಡಿ ಮರುಳಾದೆ. ಅದನ್ನು ನಾನು ಹೇಳಬೇಕು. ನೀನು ನನ್ನ ತಪ್ಪನ್ನು ಹೊತ್ತುಕೊಂಡು ನನ್ನನ್ನು ಮೂಲೆಯಲ್ಲಿ ಕೂರುವ ಮುದುಕಿಯನ್ನಾಗಿ ಮಾಡಿಬಿಟ್ಟೆ. ಕಲ್ಮೇಶನೂ ಅದನ್ನೇ ಹಾಡುತ್ತಾನೆ: "ಅವ್ವ, ನೀ ಸುಮ್ಮನಿರು. ನಿನ್ನ ವೀಸಾದ ಗತಿ ಏನ ಆಗ್ತದೋ ಯಾರಿಗೊತ್ತು." ನಿಮಗಿಬ್ಬರಿಗೂ ನಾನು ಸುಮ್ಮನಿರುವುದೇ ಬೇಕಾಗಿದೆ.

ಆದರೆ ಇನ್ನೊಂದು ಮಾತು ನಾನು ಒಪ್ಪುವುದಿಲ್ಲ. ರುಚಿ ನೋಡದ್ದಕ್ಕೇ ಹೀಗಾಯಿತು ಎಂದು ಬರೆದೆಯಲ್ಲ. ನಮ್ಮ ಮನೆಯಲ್ಲಿ ಮದುವೆ, ಜಾತ್ರೆಯ ದಾಸೋಹ, ಸಾವಿರ ಜನರ ಅಡಿಗೆ ಹಾಗೇ ಆಗಿದೆ. ಯಾರೂ ಸಾಯಲಿಲ್ಲ. ತಪ್ಪು ಅಂಗಡಿಯಲ್ಲಿ ಆಯಿತು, ಒಲೆಯ ಮುಂದಲ್ಲ. ನನ್ನ ನೇಮವನ್ನು ಯಾಕೆ ಕಟಕಟೆಗೆ ಎಳೆಯುತ್ತೀ?

ಅಷ್ಟು ಒಳ್ಳೆಯ ಘಮ ಇತ್ತಲ್ಲ ಪ್ರೇರಣಾ. ಅಂಥ ಘಮದಲ್ಲಿ ವಿಷ ಇರುತ್ತದೆಂದು ನನಗೆ ಹೇಗೆ ಗೊತ್ತಾಗಬೇಕು?

ಮಗುವಿಗೆ ಹೇಗಿದೆ ಬರೆ.

ಈರವ್ವ

*

ಜಾರ್ಜ್‌ಟೌನ್
೧೧ ಏಪ್ರಿಲ್ ೨೦೨೫

ಅವ್ವ,

ಯಾರೂ ಸಾಯಲಿಲ್ಲ ಎಂದು ಬರೆದೆ. ಆ ವಾಕ್ಯವನ್ನು ಬರೆದ ಮೇಲೆ ನೀನು ಮತ್ತೊಮ್ಮೆ ಓದಿ ನೋಡಲಿಲ್ಲವೇ?

ಮಗುವಿಗೆ ಹೇಗಿದೆ ಎಂದು ನನ್ನನ್ನು ಕೇಳಬೇಡ, ನನಗೆ ಗೊತ್ತಿಲ್ಲ. ಮನೆಗೆ ಕರೆದುಕೊಂಡು ಹೋದರು ಎಂದು ಬೇರೆಯವರಿಂದ ಕೇಳಿದೆ. ನಳಿನಿ ನನ್ನ ನಂಬರನ್ನು ಬ್ಲಾಕ್ ಮಾಡಿದ್ದಾಳೆ. ಸರಿಯಾಗಿಯೇ ಮಾಡಿದಳು. ಗುಂಪಿನವರು ಮರ್ಯಾದೆಯಿಂದ ಒಂದು ಮೇಲ್ ಬರೆದು, ಇನ್ನು ನಾನು ಅಡಿಗೆ ಮಾಡುವುದು ಬೇಡ ಎಂದಿದ್ದಾರೆ. ಬೇಡವೆನ್ನಬೇಕಾಗಿರಲಿಲ್ಲ, ನಾನೇ ಮಾಡಲಾರೆ. ಮೊನ್ನೆ ಅನ್ನಕ್ಕಿಟ್ಟು, ಬೆಂದ ಮೇಲೆ ನೋಡುತ್ತಾ ನಿಂತು, ಹಾಗೇ ಚೆಲ್ಲಿದೆ. ಕಚೇರಿಯ ಕ್ಯಾಂಟೀನಿನಲ್ಲಿ ಏನೋ ತಿನ್ನುತ್ತೇನೆ.

ನಿನಗೆ ನಿನ್ನ ನೇಮ ಗೆಲ್ಲಬೇಕು. ಗೆದ್ದಿದೆ ಎಂದುಕೋ. ನಿನಗೆ ಸಿಟ್ಟು ಬಂದದ್ದು ನಾನು ಸುಳ್ಳು ಹೇಳಿದ್ದಕ್ಕೆ. ಒಂದು ಮಗು ಉಸಿರಾಡಲು ಒದ್ದಾಡಿದ್ದಕ್ಕಲ್ಲ. ಹಾಗೆಂದು ನನಗೆ ಅನ್ನಿಸುತ್ತಿದೆ. ತಪ್ಪಿದ್ದರೆ ಕೆಂಪು ಮಸಿಯಲ್ಲಿ ತಿದ್ದು.

ಇನ್ನು ಸ್ವಲ್ಪ ದಿನ ಬರೆಯಬೇಡ. ನಾನೂ ಬರೆಯುವುದಿಲ್ಲ.

ಪ್ರೇರಣಾ

*

ಮಿಸೌರಿ ಸಿಟಿ
೨೧ ಏಪ್ರಿಲ್ ೨೦೨೫

ಈರವ್ವ ಆಂಟಿಯವರಿಗೆ,

ನೀವು ಬರೆದ ಕಾಗದ ಸಿಕ್ಕಿತು. ಬೀಜ ತಂದದ್ದು ನೀವು, ರುಚಿ ನೋಡಬೇಡ ಎಂದು ಪ್ರೇರಣಾಳನ್ನು ತಡೆದದ್ದೂ ನೀವು ಎಂದು ಬರೆದಿದ್ದೀರಿ. ಇದನ್ನು ತಿಳಿದು ನನಗೆ ಸಮಾಧಾನವಾಗಲಿಲ್ಲ. ಸಿಟ್ಟು ಮಾಡಿಕೊಳ್ಳಲು ಇಬ್ಬರಾದರು, ಅಷ್ಟೇ. ಇಷ್ಟು ಒರಟಾಗಿ ಬರೆಯುವುದಕ್ಕೆ ಕ್ಷಮಿಸಿ, ನನ್ನ ಮನಸ್ಸಿನಲ್ಲಿ ಈಗ ಇದಕ್ಕಿಂತ ಮೆತ್ತಗಿನ ಮಾತು ಇಲ್ಲ.

ಸಿಯಾ ಹೇಗಿದ್ದಾಳೆಂದು ಕೇಳಿದ್ದೀರಿ. ರಕ್ತ, ಶ್ವಾಸ, ಎಲ್ಲ ಸರಿಯಾಗಿದೆ ಎಂದು ಡಾಕ್ಟರು ಹೇಳುತ್ತಾರೆ. ಆದರೆ ಅವಳು ತಿನ್ನುತ್ತಿಲ್ಲ. ನಾನು ಏನು ಕೊಟ್ಟರೂ ಮೊದಲು ನಾನು ತಿಂದು ತೋರಿಸಬೇಕು. ಅನ್ನ, ಬಾಳೆಹಣ್ಣು, ಕೊನೆಗೆ ನೀರನ್ನೂ. ತಿಂದ ಮೇಲೂ ನನ್ನ ಮುಖವನ್ನೇ ನೋಡುತ್ತಾ ಕೂರುತ್ತಾಳೆ. ಸ್ಕೂಲಿನಲ್ಲಿ ಯಾರು ತಿಂದು ತೋರಿಸುತ್ತಾರೆ? ಡಬ್ಬಿ ಹೋದ ಹಾಗೇ ವಾಪಸ್ ಬರುತ್ತದೆ. ಬಟ್ಟೆಗಳೆಲ್ಲ ಸಡಿಲವಾಗಿವೆ. ನಾನು ಕೆಲಸಕ್ಕೆ ರಜೆ ಹಾಕಿ ಹಾಕಿ ಇನ್ನು ಹಾಕಲಾರೆ. ನನ್ನವರು ಪ್ರಾಜೆಕ್ಟ್ ಮೇಲೆ ಊರಲ್ಲಿಲ್ಲ. ಬಂದು ನಾಲ್ಕು ದಿನ ಇರಲು ನನ್ನ ಅಮ್ಮ ಇಲ್ಲ.

ಇದನ್ನೆಲ್ಲ ನಿಮಗೆ ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಗೊತ್ತಾಗಲಿ ಎಂದು ಬರೆದೆ.

ನಳಿನಿ

*

ಮಿಸೌರಿ ಸಿಟಿ
೧೧ ಮೇ ೨೦೨೫

ಪ್ರೇರಣಾ,

ಬರೆಯಬೇಡ ಎಂದಿದ್ದೆ, ಬರೆಯುತ್ತಿದ್ದೇನೆ. ಮೇಲಿನ ಊರಿನ ಹೆಸರು ನೋಡಿ ಗಾಬರಿಯಾಗಬೇಡ. ನಾನು ನಳಿನಿಯ ಮನೆಯಲ್ಲಿದ್ದೇನೆ, ಎರಡು ವಾರವಾಯಿತು. ಕಲ್ಮೇಶ ಕರೆದುಕೊಂಡು ಹೋಗುವುದಿಲ್ಲ ಎಂದ. ಡಲ್ಲಾಸಿನಿಂದ ಹ್ಯೂಸ್ಟನ್ನಿಗೆ ಬಸ್ಸು ಹೋಗುತ್ತದೆಂದು ಪಾರ್ಕಿನ ಗುಜರಾತಿ ಹೆಂಗಸು ಹೇಳಿದಳು. ಅದೊಂದು ಹಿಂದಿ ನನಗೆ ಸರಿಯಾಗಿ ಅರ್ಥವಾಯಿತು. ಆರೋಗ್ಯ ಇಲಾಖೆಗೂ ನನ್ನ ಹೆಸರಿನಲ್ಲಿ ಬರೆದುಹಾಕಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ.

ನಳಿನಿ ಬಾಗಿಲು ತೆರೆದು, ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಸಿಯಾ ನನ್ನನ್ನು ನೋಡಿದವಳೇ ಒಳಗೆ ಓಡಿ ಬಾಗಿಲು ಹಾಕಿಕೊಂಡಳು. ಆ ಮಗುವಿನ ಕೈ ನೋಡಿದೆ, ಪ್ರೇರಣಾ. ಬಳೆ ಮೊಣಕೈಯವರೆಗೂ ಜಾರುತ್ತಿತ್ತು. ನೇಮ, ಕಟಕಟೆ ಎಂದೆಲ್ಲ ನಿನಗೆ ಬರೆದದ್ದು ನೆನಪಾಗಿ ನನಗೇ ನಾಚಿಕೆಯಾಯಿತು.

ಮರುದಿನ ಮಗು ಸ್ಕೂಲಿಗೆ ಹೋಗಲಿಲ್ಲ; ರಜೆ ಉಳಿಯದ ನಳಿನಿ ಅದನ್ನು ನನ್ನ ಬಳಿಯೇ ಬಿಟ್ಟು ಕೆಲಸಕ್ಕೆ ಹೋದಳು. ನಾನು ಅನ್ನ, ತೊವ್ವೆ ಮಾಡಿದೆ. ಪೂಜೆ ಆಗಿರಲಿಲ್ಲ, ಎಡೆ ಹಿಡಿದಿರಲಿಲ್ಲ. ಅಷ್ಟರಲ್ಲಿ ಮಗು ಬಂದು ದೂರದಲ್ಲಿ ನಿಂತಿತು. ಹಸಿದಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ತಟ್ಟೆಗೆ ಬಡಿಸಿದೆ. ಅದು ಮುಟ್ಟದೆ, "ಯೂ ಫಸ್ಟ್" ಎಂದಿತು.

ನಾನು ನಿಂತೇ ಇದ್ದೆ. ಎಡೆಯ ವಿಚಾರವೊಂದೇ ಅಲ್ಲ, ಮುಚ್ಚಿಡುವುದೇಕೆ, ನನಗೂ ಹೆದರಿಕೆಯಾಯಿತು. ನಾನೇ ತೊಳೆದು, ನಾನೇ ಬೇಯಿಸಿದ ಬೇಳೆ ಅದು. ಆದರೂ ಇದರಲ್ಲಿ ಏನಿದೆಯೋ ಎಂದು ನನ್ನ ಅಡಿಗೆಗೆ ನಾನೇ ಅಂಜಿದ್ದು ಜೀವಮಾನದಲ್ಲಿ ಅದೇ ಮೊದಲು. ನೀನು ಅನ್ನವನ್ನು ಯಾಕೆ ಚೆಲ್ಲಿದೆ ಎಂದು ಆಗ ತಿಳಿಯಿತು. ಕತ್ತಿನ ಲಿಂಗವನ್ನು ಹಿಡಿದುಕೊಂಡು, "ಕೂಸು ಉಂಡ ಮ್ಯಾಲೆ ನಿನಗ, ತಂದೆ" ಎಂದೆ. ಒಂದು ತುತ್ತು ಬಾಯಿಗೆ ಹಾಕಿಕೊಂಡೆ. ಉಪ್ಪು ಕಡಿಮೆಯಾಗಿತ್ತು.

ಮಗು ತಕ್ಷಣ ಉಣ್ಣಲಿಲ್ಲ. ಟಿವಿಯ ಮುಂದೆ ಹೋಗಿ ಕೂತು, ಕಾರ್ಟೂನು ಮುಗಿಯುವ ತನಕ ತಿರುತಿರುಗಿ ನನ್ನನ್ನು ನೋಡಿತು. ನಾನು ಬೀಳುತ್ತೇನೋ ಇಲ್ಲವೋ ಎಂದು ಕಾಯುತ್ತಿತ್ತು. ನಾನೂ ಕುರ್ಚಿಯಿಂದ ಏಳದೆ ಕೂತೆ. ಕಾರ್ಟೂನು ಮುಗಿದ ಮೇಲೆ ಹತ್ತಿರ ಬಂದು ನನ್ನ ಕೆನ್ನೆ ಮುಟ್ಟಿ ನೋಡಿ, ಅದೇ ತಟ್ಟೆಯಿಂದ ತಿಂದಿತು. ನನ್ನ ಎಂಜಲು ತಟ್ಟೆಯಿಂದ. ಅನ್ನ ಆರಿಹೋಗಿತ್ತು. ಪೂರ್ತಿ ತಿಂದಿತು.

ಅಂದಿನಿಂದ ದಿನವೂ ಹೀಗೇ ನಡೆದಿದೆ. ಎರಡು ಮೂರು ದಿನವಾದ ಮೇಲೆ ಕಾರ್ಟೂನು ಮುಗಿಯುವ ತನಕ ಕಾಯುವುದನ್ನು ಬಿಟ್ಟಳು. ಸ್ಕೂಲಿಗೆ ಡಬ್ಬಿ ಕಟ್ಟುವಾಗ ಅವಳೆದುರೇ ಚಪಾತಿಯ ತುದಿಯನ್ನು ಕಚ್ಚಿ ಮಡಚಿ ಇಡುತ್ತೇನೆ. ಮೊನ್ನೆ ಡಬ್ಬಿ ಖಾಲಿ ಬಂತು. "ಕಚ್ಚಿದ ಗುರುತ ನೋಡಿ ಟೀಚರ್ ನಗಲಿಲ್ಲೇನು?" ಎಂದು ಕೇಳಿದೆ. "ಐ ಟೋಲ್ಡ್ ಹರ್ ಇಟ್ಸ್ ಮೈ ಅಜ್ಜೀಸ್ ಟೀತ್" ಎಂದಳು. ನಳಿನಿ ಸಿಂಕಿನ ಕಡೆ ತಿರುಗಿ ನಿಂತು ಅತ್ತಳು. ನಾನೂ ಅತ್ತೆ. ನಮ್ಮಿಬ್ಬರ ನಡುವೆ ಆವತ್ತೇ ಸರಿಯಾಗಿ ಮಾತು ಶುರುವಾಯಿತು.

ನಿನ್ನೆ ಜಡೆ ಹಾಕಿಸಿಕೊಳ್ಳುತ್ತಾ ಸಿಯಾ ಮೆಲ್ಲಗೆ ಕೇಳಿದಳು, "ಅಜ್ಜಿ, ಈಸ್ ಪ್ರೇರಣಾ ಆಂಟಿ ಸ್ಟಿಲ್ ಇನ್ ದ ಹಾಸ್ಪಿಟಲ್?" ನೀನೂ ಅದನ್ನೇ ಕುಡಿದೆ, ಅದಕ್ಕೇ ಬರುತ್ತಿಲ್ಲ ಎಂದುಕೊಂಡಿದ್ದಾಳೆ ಹುಚ್ಚಿ. ಇಷ್ಟು ದಿನ ಯಾರನ್ನೂ ಕೇಳಲು ಧೈರ್ಯವಾಗಿರಲಿಲ್ಲವಂತೆ. ನಾನು ನಳಿನಿಯ ಮುಖ ನೋಡಿದೆ. ಅವಳು ಕೆಳಗೆ ಬಿದ್ದ ರಿಬ್ಬನ್ನನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಆಮೇಲೆ, "ಬರ್ಲಿ ಬಿಡಿ ಆಂಟಿ. ಇವಳು ಕಣ್ಣಾರೆ ನೋಡ್ಲಿ" ಎಂದಳು. ನಿನ್ನ ನಂಬರಿನ ಬ್ಲಾಕನ್ನು ಇನ್ನೂ ಬಿಚ್ಚಿಲ್ಲ. ಅದಕ್ಕೆ ಸಮಯ ಹಿಡಿಯುತ್ತದೆ.

ಶನಿವಾರ ಬಾ. ಇಲ್ಲಿ ಒಲೆಯಿದೆ, ಬಟಾಣಿಯಿದೆ, ಹಿಪ್ಪಲಿಯನ್ನು ನೀನು ತಾ. ಆ ನಿನ್ನ ಹಳೆಯ ಇಂಗ್ಲಿಷರ ಗಂಜಿಯನ್ನು ಮಾಡು. ಹತ್ತು ಸಲ ನಾಲಗೆಯ ಮೇಲೆ ಇಟ್ಟುಕೊಂಡು ಮಾಡು, ನಾನು ಪಕ್ಕದಲ್ಲೇ ನಿಂತಿರುತ್ತೇನೆ, ಏನೂ ಅನ್ನುವುದಿಲ್ಲ. ಆದ ಮೇಲೆ ಮೊದಲ ತಟ್ಟೆ ನನಗೆ ಬಡಿಸು, ನಾನು ಮೊದಲು ಉಣ್ಣುತ್ತೇನೆ. ನನಗೆ ಏನೂ ಆಗುವುದಿಲ್ಲ ಎಂದು ಖಾತ್ರಿಯಾಗುವ ತನಕ ಸಿಯಾ ಕಾಯುತ್ತಾಳೆ. ನೀನೂ ಅವಳ ಪಕ್ಕದಲ್ಲಿ ಕೂತು ಕಾಯಬೇಕು.

ಇಂತಿ ನಿನ್ನ ಅವ್ವ
ಈರವ್ವ